ಮಧ್ಯಪ್ರವೇಶವೋ ಹಸ್ತಕ್ಷೇಪವೋ: ಬೇರೆ ದೇಶಕ್ಕೆ ಸೇನೆ ಹೋದರೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನಾವು ಕೆಲವರು ಸೇರಿ ವಿದೇಶಾಂಗ ನೀತಿ ಬಗ್ಗೆ ತಜ್ಞರು ಬರೆದ ಲೇಖನಗಳನ್ನು ಕಾಲೇಜು ಹುಡುಗರ ಚರ್ಚೆಗೆ ಅಂತ ಕನ್ನಡಕ್ಕೆ ತರುತ್ತಿದ್ದೇವೆ. ಒಂದು ದೇಶ ಇನ್ನೊಂದಕ್ಕೆ ಸೇನೆ ಕಳಿಸಿದರೆ ಏನನ್ನಬೇಕು ಅನ್ನುವ ಒಂದೇ ಪದದ ಹತ್ತಿರ ಕೆಲಸ ನಿಂತುಬಿಟ್ಟಿದೆ.

ಪತ್ರಿಕೆಗಳಲ್ಲಿ ‘ಮಧ್ಯಪ್ರವೇಶ’ ಜಾಸ್ತಿ. ಆದರೆ ನಮ್ಮೂರಲ್ಲಿ ಅದು ಬೇಡಿಕೆಯ ಪದ. ಕಾವೇರಿ ಗಲಾಟೆ ಎದ್ದಾಗಲೆಲ್ಲ ಸಂಜಯ ವೃತ್ತದಲ್ಲಿ ‘ಪ್ರಧಾನಿ ಮಧ್ಯಪ್ರವೇಶ ಮಾಡಲಿ’ ಅಂತ ಕೂಗುತ್ತಾರೆ. ‘ಹಸ್ತಕ್ಷೇಪ’ ಹಾಗಲ್ಲ, ಕರೆಯದೆ ಕೈ ಹಾಕಿದರು ಅನ್ನುವ ಬೈಗುಳ ಅದರೊಳಗೇ ಇದೆ.

ಲಿಬಿಯಾ ತೆಗೆದುಕೊಳ್ಳಿ. 2011ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 1973ನೇ ನಿರ್ಣಯ ನಾಗರಿಕರ ರಕ್ಷಣೆಗೆ ‘ಎಲ್ಲ ಅಗತ್ಯ ಕ್ರಮ’ಕ್ಕೆ ಒಪ್ಪಿಗೆ ಕೊಟ್ಟಿತು, ಭಾರತ ತಟಸ್ಥವಾಗಿ ಉಳಿಯಿತು. ಅಲ್ಲಿನ ಆಡಳಿತಗಾರ ಗಡಾಫಿ ವಿರುದ್ಧ ದಂಗೆಯೆದ್ದಿದ್ದ ಬೆಂಗಾಜಿ ನಗರದ ಜನ ಉಳಿದರು ಅಂತ ಒಬ್ಬರು ಬರೆಯುತ್ತಾರೆ. ಕಾಪಾಡೋಕೆ ಹೋದವರು ಗಡಾಫಿ ಬೀಳೋ ತನಕ ಬಾಂಬ್ ಹಾಕಿದರು ಅಂತ ಇನ್ನೊಬ್ಬರು. ಮೊದಲನೆಯವರಿಗೆ ಮಧ್ಯಪ್ರವೇಶ, ಎರಡನೆಯವರಿಗೆ ಹಸ್ತಕ್ಷೇಪ ಅಂತ ಹಾಕಿದರೆ ಹುಡುಗರು ವಾದ ತೂಗುವುದೇನು ಬಂತು, ತೀರ್ಪು ನಾವೇ ಕೊಟ್ಟಾಯಿತಲ್ವಾ?

ಸುಮ್ನೆ ‘ಸೇನಾ ಕಾರ್ಯಾಚರಣೆ’ ಅನ್ನಿ ಅಂತ ಒಬ್ಬ ಗೆಳೆಯರ ಸಲಹೆ. ನನಗೆ ಒಪ್ಪಿಗೆಯಿಲ್ಲ. 2022ರಲ್ಲಿ ರಷ್ಯಾ ಉಕ್ರೇನಿಗೆ ನುಗ್ಗಿದಾಗ ಬಳಸಿದ್ದೂ ಇದನ್ನೇ, ‘ವಿಶೇಷ ಸೇನಾ ಕಾರ್ಯಾಚರಣೆ’ ಅಂತ.

ಕರೆದರೆ ಒಂದು ಪದ, ಕರೆಯದಿದ್ದರೆ ಇನ್ನೊಂದು ಅಂತ ಇಟ್ಟುಕೊಳ್ಳೋಣ ಅಂದರೆ ಶ್ರೀಲಂಕಾ ಅಡ್ಡ ಬರುತ್ತದೆ. 1987ರ ಜುಲೈನ ಭಾರತ-ಶ್ರೀಲಂಕಾ ಒಪ್ಪಂದದ ಮೇಲೆ ನಮ್ಮ ಶಾಂತಿಪಾಲನಾ ಪಡೆ ಅಲ್ಲಿನ ಉತ್ತರದ ಜಾಫ್ನಾ ಕಡೆಗೆ ಹೋಯಿತು. ಕೊಲಂಬೊ ಸರ್ಕಾರ ಕರೆದಿತ್ತು. ಆ ಒಪ್ಪಂದಕ್ಕೆ ಪ್ರತ್ಯೇಕ ತಮಿಳು ದೇಶಕ್ಕೆ ಹೋರಾಡುತ್ತಿದ್ದ ಸಶಸ್ತ್ರ ಸಂಘಟನೆ ಎಲ್‌ಟಿಟಿಇ ಸಹಿ ಹಾಕಿರಲಿಲ್ಲ, ಅಕ್ಟೋಬರಿಗೆಲ್ಲ ಅವರ ಮೇಲೇ ಯುದ್ಧ ಶುರುವಾಯಿತು, ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಸತ್ತರು. 1989ರಲ್ಲಿ ಹೊಸ ಅಧ್ಯಕ್ಷ ಪ್ರೇಮದಾಸ ಹೊರಡಿ ಅಂದರು. ಕೊನೆಯ ತುಕಡಿ ವಾಪಸ್ ಬಂದಿದ್ದು 1990ರ ಮಾರ್ಚಿನಲ್ಲಿ. ಅದೇ ಪಡೆ, ಅದೇ ಜಾಫ್ನಾ. ಮಧ್ಯಪ್ರವೇಶ ಹಸ್ತಕ್ಷೇಪ ಆಗಿದ್ದು ಯಾವತ್ತು?

ಸದ್ಯಕ್ಕೆ ನಾನು ‘ಸೇನೆ ಕಳಿಸಿದರು’ ಅಂತ ಬರೆದು, ಯಾರು ಕರೆದರು, ಯಾರು ಬೇಡ ಅಂದರು ಅನ್ನುವುದನ್ನು ಪಕ್ಕದ ವಾಕ್ಯದಲ್ಲಿ ಹೇಳುತ್ತಿದ್ದೇನೆ. ಉದ್ದವಾಗುತ್ತದೆ, ನಿಜ. ಮೈಸೂರು ಸಂಸ್ಥಾನದ ಕಾಲದ ಪತ್ರಿಕೆಗಳನ್ನು ಓದಿದವರು ಈ ಗುಂಪಿನಲ್ಲಿದ್ದೀರಿ. ಆಗ ಇಂಥದ್ದಕ್ಕೆ ಏನಂತ ಬರೆಯುತ್ತಿದ್ದರು? ಬೈಗುಳವೂ ಅಲ್ಲದ, ಹೊಗಳಿಕೆಯೂ ಅಲ್ಲದ ಪದ ಏನಾದರೂ ಸಿಕ್ಕಿದ್ದರೆ, ವಾಕ್ಯದ ಸಮೇತ ಕಳಿಸಿ.