ಕರೆಂಟ್ ಚೈನ್ ಸಾ: ಚೈನ್‌ಗೆ ಆಯಿಲ್ ಬರ್ತಿಲ್ಲ, ಅನುಭವ ಇದ್ದವರು ಹೇಳಿ

ಶಿರಸಿ ಸೌದೆ:
ಕಳೆದ ವರ್ಷ 16 ಇಂಚಿನ, 2000 ವ್ಯಾಟ್‌ನ ಕರೆಂಟ್ ಚೈನ್ ಸಾ ತಗೊಂಡೆ. ಅಡಿಕೆ ಬೇಯಿಸುವ ಒಲೆಗೆ ಸೌದೆ ಕೊಯ್ಯಲು ಮಾತ್ರ. ಈಗ ಹತ್ತು ನಿಮಿಷ ಓಡಿಸಿದರೆ ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ) ಮುಟ್ಟಲು ಆಗದಷ್ಟು ಬಿಸಿ, ಹೊಗೆ ಬೇರೆ. ಟ್ಯಾಂಕಿನಲ್ಲಿ ಆಯಿಲ್ ಹಾಕಿದಷ್ಟೂ ಹಾಗೇ ಇದೆ. ಅಂಗಡಿಯವರು ಬೆಂಗಳೂರಿಗೆ ಕಳಿಸಬೇಕು, ಒಂದು ತಿಂಗಳು ಅಂದರು. ಅಕೇಶಿಯಾ ದಿಮ್ಮಿ ಅಂಗಳದಲ್ಲಿ ಬಿದ್ದಿದೆ, ಕೊಯ್ಲು ಹತ್ತಿರ ಬಂತು. ನಾನೇ ಬಿಚ್ಚಬಹುದಾ?

ಪುತ್ತೂರು ತೋಟ:
ಬಾರ್ ಬದಲಾಯಿಸಿದ್ದೀರಾ? ನನ್ನ ಕಥೆ ಕೇಳಿ ಮಾರಾಯ್ರೆ. ಹಳೇ ಬಾರ್ ಸವೆದಿತ್ತು. ಅಂಗಡಿಯಲ್ಲಿ ಬೇರೆ ಕಂಪೆನಿಯದ್ದು 650 ರೂಪಾಯಿಗೆ ಕೊಟ್ಟರು, ಎಲ್ಲದಕ್ಕೂ ಕೂರುತ್ತದೆ ಅಂತ. ಕೂತಿತು. ಬೋಲ್ಟೂ ಸರಿ, ಚೈನೂ ಸರಿ. ಮೂರನೇ ದಿನ ಬಾರ್‌ನ ಅಂಚು ನೀಲಿ ಬಣ್ಣಕ್ಕೆ ತಿರುಗಿತು. ಚೈನ್‌ಗೆ ಆಯಿಲ್ ಕಳಿಸುವ ಪಂಪ್ ಹೋಗಿದೆ ಅಂದುಕೊಂಡು ಹೊಸದು ತರಿಸಿದೆ, 940, ಕೊರಿಯರ್ 120. ಹಾಕಿದರೂ ಅದೇ ಕಥೆ. ಸುಟ್ಟ ಚೈನ್‌ಗೆ 580. ಮಂಗಳೂರಿಗೆ ಎರಡು ಸಲ ಹೋದ ಬಸ್ ಚಾರ್ಜು, ಊಟ ಲೆಕ್ಕಕ್ಕೆ ಹಿಡಿದಿಲ್ಲ. ಕೊನೆಗೆ ಒಂದು ರಾತ್ರಿ ಹಳೇ ಬಾರ್ ಮೇಲೆ ಹೊಸ ಬಾರ್ ಇಟ್ಟು ನೋಡುತ್ತೇನೆ, ಆಯಿಲ್ ತೂತು ನಾಲ್ಕು ಮಿಲಿಮೀಟರ್ ಆಚೆ! ಮಷಿನ್‌ನಿಂದ ಆಯಿಲ್ ಹೊರಬರುವ ಬಾಯಿಗೆ ಬರೀ ಕಬ್ಬಿಣ ಅಡ್ಡ ಕೂತಿದೆ. ಪಂಪ್ ಪಾಪ ಸರಿಯೇ ಇತ್ತು. ಆ ಹಳೇ ಪಂಪ್ ಈಗಲೂ ಕಪಾಟಿನಲ್ಲಿದೆ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಶಿರಸಿ ಸೌದೆ:
ಬಾರ್ ಬದಲಾಯಿಸಿಲ್ಲ. ಬಂದದ್ದೇ ಇದೆ.

ಪುತ್ತೂರು ತೋಟ:
ಆದರೂ ಒಮ್ಮೆ ತೂತು ಅಳೆದು ನೋಡಿ.

ಕೊಪ್ಪದ ಟ್ರ್ಯಾಕ್ಟರ್:
ಸುಮ್ನೆ ದುಡ್ಡು ಹಾಳು ಮಾಡಬೇಡಿ. ನಾನು ಬಾರ್ ಆಯಿಲ್ ಅಂತ ಒಂದು ದಿನ ಕೊಂಡವನಲ್ಲ. ಟ್ರ್ಯಾಕ್ಟರ್‌ನಿಂದ ಇಳಿಸಿದ ಸುಟ್ಟ ಆಯಿಲ್ಲನ್ನು ಹಳೇ ಪಂಚೆಯಲ್ಲಿ ಸೋಸಿ ಹಾಕುತ್ತೇನೆ. ಏಳು ವರ್ಷ ಆಯಿತು, ಇನ್ನೂ ಅದೇ ಪಂಪ್.

ಮೂಡಿಗೆರೆ ಕಾಫಿ:
ಪಂಚೆಯಲ್ಲಿ ಸೋಸಿದರೆ ಸಣ್ಣ ಕಬ್ಬಿಣದ ಹುಡಿ ನಿಲ್ಲುತ್ತಾ ಗೌಡ್ರೆ? ಆ ಮಸಿ ಎಲ್ಲ ಚೈನ್‌ನಿಂದ ಹಾರಿ ಬೀಳುವುದು ನಿಮ್ಮ ಕೈ, ಅಂಗಿ, ಮಣ್ಣಿನ ಮೇಲೆ. ಸುಟ್ಟ ಆಯಿಲ್‌ನಲ್ಲಿ ಕ್ಯಾನ್ಸರ್ ತರುವ ಅಂಶ ಇರುತ್ತದೆ. ಅದಕ್ಕೇ ನಾನು ಕೊಬ್ಬರಿ ಎಣ್ಣೆ ಹಾಕಿದೆ. ಹಾಕಿ ಕೆಟ್ಟೆ, ಅದನ್ನೂ ಹೇಳುತ್ತೇನೆ. ಡಿಸೆಂಬರ್ ತಿಂಗಳು, ಐದು ಆಳು ಬಂದಿದ್ದರು, ಬಿದ್ದ ಸಿಲ್ವರ್ ಓಕ್ ತುಂಡು ಮಾಡಬೇಕಿತ್ತು. ಬೆಳಿಗ್ಗೆ ಏಳಕ್ಕೆ ಶುರು ಮಾಡಿದರೆ ಚೈನ್ ಒಣಗಿದ್ದು ಒಣಗಿದ್ದೇ. ಮುಚ್ಚಳ ತೆಗೆದರೆ ಟ್ಯಾಂಕ್ ತುಂಬಾ ಬೆಣ್ಣೆ! 24 ಡಿಗ್ರಿಗಿಂತ ಕೆಳಗೆ ಹೋದರೆ ಹೆಪ್ಪುಗಟ್ಟುತ್ತದೆ, ದಿನಾ ತಲೆಗೆ ಹಚ್ಚುವವನಿಗೆ ಹೊಳೆಯಬೇಕಿತ್ತು ಅಲ್ವಾ. ಬಿಸಿಲಿಗೆ ಇಟ್ಟೆ. ಟ್ಯಾಂಕಿನದ್ದು ಬೇಗ ಕರಗಿತು, ಪೈಪಿನೊಳಗಿನದು ಹನ್ನೊಂದೂವರೆ ಆದರೂ ಕರಗಲಿಲ್ಲ. ಐದು ಆಳಿನ ಅರ್ಧ ದಿನದ ಸಂಬಳ, ಎರಡು ಲೀಟರ್ ಎಣ್ಣೆ, ಮೇಲೆ ಮನೆಯವಳ ಮಾತು. ಈಗ ಬಾರ್ ಆಯಿಲ್ಲೇ. ಲೀಟರಿಗೆ 350 ಕೊಟ್ಟರೂ ನೆಮ್ಮದಿ ಇದೆ, ಅಂಟು ಇರುವುದರಿಂದ ಚೈನ್ ಬಿಟ್ಟು ಹಾರುವುದಿಲ್ಲ.

ಕೊಪ್ಪದ ಟ್ರ್ಯಾಕ್ಟರ್:
ಕೊಬ್ಬರಿ ಎಣ್ಣೆ ಹಾಕಿದವರು ನನಗೆ ಬುದ್ಧಿ ಹೇಳುವುದಾ? ಎಸ್ಟೇಟ್‌ನವರಿಗೆ ದುಡ್ಡು ಜಾಸ್ತಿ.

ಮೂಡಿಗೆರೆ ಕಾಫಿ:
ನಾಲ್ಕು ಎಕರೆಗೆ ಎಸ್ಟೇಟ್ ಅನ್ನುತ್ತಾರಾ? ನಿಮ್ಮ ಟ್ರ್ಯಾಕ್ಟರಿನ ಸಾಲ ನನ್ನ ತೋಟದ ರೇಟಿಗಿಂತ ಜಾಸ್ತಿ ಇರಬೇಕು.

ಕಳಸದಿಂದ:
ಇಬ್ಬರೂ ಸ್ವಲ್ಪ ನಿಲ್ಲಿ. 90 ನಂಬರ್ ಗೇರ್ ಆಯಿಲ್ ಮಾತ್ರ ಯಾರೂ ಹಾಕಬೇಡಿ. ಅಂಟು ಜಾಸ್ತಿ, ಚೈನ್ ಬಿಡುವುದಿಲ್ಲ ಅಂತ ನಮ್ಮ ಭಾವ ಹೇಳಿದರು, ನಂಬಿದೆ. ನಮ್ಮಲ್ಲಿ ಬೆಳಗಿನ ಚಳಿಗೆ ಅದು ಜೋನಿ ಬೆಲ್ಲದ ಹಾಗೆ. ಕರೆಂಟ್ ಮಷಿನ್‌ನ ಪಂಪ್ ಎಳೆಯುವುದು ಮೋಟಾರ್ ಶಾಫ್ಟ್ ಮೇಲಿನ ಸಣ್ಣ ಪ್ಲಾಸ್ಟಿಕ್ ಗೇರ್. ಬಿಚ್ಚಿದಾಗ ಅದರ ಹಲ್ಲು ಅಡಿಕೆ ಜಗಿದು ಉಗಿದ ಹಾಗಿತ್ತು. ಸಾಮಾನು 180 ರೂಪಾಯಿ, ಬರಲು 41 ದಿನ. ಭಾವ ಈಗ ಆ ವಿಷಯ ತೆಗೆಯುವುದೇ ಇಲ್ಲ.

ಪೆಟ್ರೋಲ್ ಪಕ್ಷ:
ಮೊದಲೇ ಪೆಟ್ರೋಲಿನದು ತಗೊಂಡಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ಕರೆಂಟಿನದು ಅಡುಗೆಮನೆ ಮಿಕ್ಸರ್ ಇದ್ದ ಹಾಗೆ.

ಕಳಸದಿಂದ:
ಪೆಟ್ರೋಲಿನದಕ್ಕೂ ಬಾರ್ ಅದೇ, ಚೈನ್ ಅದೇ, ಆಯಿಲ್ ಪಂಪೂ ಇದೆ ಸ್ವಾಮಿ. ಕಾರ್ಬೊರೇಟರ್ ಹಿಡಿದುಕೊಂಡು ಎಷ್ಟು ಸಲ ಪೇಟೆಗೆ ಹೋದಿರಿ, ಅದನ್ನು ಹೇಳಿ.

ಪೆಟ್ರೋಲ್ ಪಕ್ಷ:
ಮೂರೇ ಸಲ. ಆದರೆ ತೋಟದ ತುದಿಗೆ ವೈರ್ ಎಳೆದುಕೊಂಡು ಹೋಗುವ ಕರ್ಮ ನನಗಿಲ್ಲ.

ಹೊಸನಗರ ವೋಲ್ಟೇಜ್:
ವೈರ್ ಅಂದದ್ದಕ್ಕೆ ಹೇಳುತ್ತೇನೆ. ನೂರು ಅಡಿ ಸಪೂರ ವೈರ್ ಎಳೆದು ಓಡಿಸುತ್ತಿದ್ದೆ. ಮನೆಯಲ್ಲೇ 190 ವೋಲ್ಟ್, ಮಷಿನ್ ಹತ್ತಿರ ಹೋಗುವಷ್ಟರಲ್ಲಿ ಇನ್ನೂ ಕಮ್ಮಿ. ಮೋಟಾರ್ ನಿಧಾನ ಆದರೆ ಪಂಪೂ ನಿಧಾನ, ಎರಡೂ ಒಂದೇ ಶಾಫ್ಟ್ ಅಲ್ವಾ. ನಾನು ಆಯಿಲ್ ಬದಲಾಯಿಸುತ್ತಾ ಕೂತೆ, ಸುಟ್ಟದ್ದು ಮೋಟಾರ್. ರಿವೈಂಡಿಂಗ್‌ಗೆ 1800. ಆಮೇಲೆ 2.5 ಸ್ಕ್ವೇರ್ ಎಂಎಂ ವೈರ್ ತಂದೆ, ಅದರ ರೇಟ್ ಹೇಳಿದರೆ ನಗುತ್ತೀರಿ.

ಸಾಗರ ಕೂಲಿ ಕೊಯ್ಲು:
ನಾನು ಇದೇ ಕೆಲಸದಲ್ಲಿ ಹೊಟ್ಟೆ ಹೊರೆಯುವವನು. ಊರಲ್ಲಿ ಯಾರ ಮಷಿನ್ ಕೆಟ್ಟರೂ ಮೊದಲು ನನ್ನ ಹತ್ತಿರವೇ ಬರುತ್ತದೆ. ಶಿರಸಿಯವರೆ, ಪ್ಲಗ್ ಕಿತ್ತು ಬಾರ್, ಚೈನ್ ಎರಡೂ ತೆಗೆಯಿರಿ. ಬ್ರಷ್‌ನಲ್ಲಿ ಹುಡಿ ಒರೆಸಿ. ಆಮೇಲೆ ಪ್ಲಗ್ ಹಾಕಿ, ಬೆರಳು ದೂರ ಇಟ್ಟು ಅರ್ಧ ನಿಮಿಷ ಓಡಿಸಿ. ಬಾಯಿಯಲ್ಲಿ ಆಯಿಲ್ ಜಿನುಗಿದರೆ ಪಂಪ್ ಸರಿ ಇದೆ, ತಪ್ಪು ಬಾರ್‌ನಲ್ಲಿ. ಮುರಿದ ಹ್ಯಾಕ್ಸಾ ಬ್ಲೇಡ್‌ನಿಂದ ಬಾರ್‌ನಲ್ಲಿ ಚೈನ್ ಓಡುವ ಕಾಲುವೆ ಕೆರೆಯಿರಿ, ಆಯಿಲ್ ತೂತಿಗೆ ತಂತಿ ಹಾಕಿ. ಹಸಿ ಅಕೇಶಿಯಾ ಹುಡಿ ಆಯಿಲ್ ಜೊತೆ ಸೇರಿ ಸಿಮೆಂಟ್ ಆಗುತ್ತದೆ. ಹಾಕುವಾಗ ಬಾರ್ ಮಗುಚಿ ಹಾಕಿ, ಎರಡೂ ಬದಿ ಒಂದೇ ಸಮ ಸವೆಯುತ್ತದೆ. ಚೈನ್ ಮೊಂಡಾಗಿದ್ದರೂ ಹೊಗೆ ಬರುತ್ತದೆ. ಚೂರು ಬಿದ್ದರೆ ಹರಿತ, ಹಿಟ್ಟು ಬಿದ್ದರೆ ಮೊಂಡು. ಸುಟ್ಟ ಆಯಿಲ್ ಹಾಕುವವರ ಮಷಿನ್ ನಾನು ಮುಟ್ಟುವುದಿಲ್ಲ, ಕೈಯ ಮಸಿ ಎರಡು ದಿನ ಹೋಗುವುದಿಲ್ಲ.

ಕೊಪ್ಪದ ಟ್ರ್ಯಾಕ್ಟರ್:
ನಿಮ್ಮ ಹತ್ತಿರ ತರುವವರು ಯಾರು?

ಶಿರಸಿ ಸೌದೆ:
ಬಿಚ್ಚಿದೆ. ಬಾಯಿಯಲ್ಲಿ ಆಯಿಲ್ ಬರುತ್ತಿತ್ತು! ಬಾರ್‌ನ ಕಾಲುವೆಯಿಂದ ತೆಗೆದ ಹುಡಿ ಒಂದು ಹಿಡಿ ಆಯಿತು, ಒತ್ತಿದರೆ ಉಂಡೆ ಕಟ್ಟುವಷ್ಟು ಅಂಟು. ತೂತು ಪೂರ್ತಿ ಮುಚ್ಚಿತ್ತು. ತೊಳೆದು ಮಗುಚಿ ಹಾಕಿದೆ, ಬಾರ್‌ನ ತುದಿಯನ್ನು ಹಳೇ ಪೇಪರಿನಿಂದ ಒಂದು ಗೇಣು ಮೇಲೆ ಹಿಡಿದು ಓಡಿಸಿದೆ, ಎಣ್ಣೆಯ ಗೆರೆ ಚೆನ್ನಾಗಿ ಬಿತ್ತು. ಆದರೆ ಬೆಳಿಗ್ಗೆ ನೋಡಿದರೆ ಕೆಳಗಿಟ್ಟ ಗೋಣಿ ಪೂರ್ತಿ ಒದ್ದೆ. ಇದು ಹೊಸ ಸಮಸ್ಯೆಯಾ?

ಸಾಗರ ಕೂಲಿ ಕೊಯ್ಲು:
ಎಲ್ಲದಕ್ಕೂ ಇರುವುದೇ. ಈಗ ದಾರಿ ಬಿಟ್ಟಿದೆ ಅಲ್ವಾ, ಇಟ್ಟಲ್ಲೇ ಇಳಿಯುತ್ತದೆ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ ಇಡಿ.

ಪೆಟ್ರೋಲ್ ಪಕ್ಷ:
ನಂದೂ ಸೋರುತ್ತದೆ. ಹೇಳಿಕೊಂಡಿರಲಿಲ್ಲ ಅಷ್ಟೇ.

ಪುತ್ತೂರು ತೋಟ:
ಶಿರಸಿಯವರೆ, ಮುಂದೆ ಪಂಪ್ ಬೇಕಾದರೆ ಹೇಳಿ. ಕಪಾಟಿನಲ್ಲಿ ಇರುವುದು 400ಕ್ಕೆ ಕೊಡುತ್ತೇನೆ, ಕೊರಿಯರ್ ನಿಮ್ಮದು.