ಗ್ರೇ ಗಿಳಿ ತಗೊಳ್ಳೋದಾ ಬೇಡ್ವಾ? ಸಾಕಿದವರು ಅನುಭವ ಹೇಳಿ ಪ್ಲೀಸ್

ಕೆಆರ್‌ಪುರಂ ಹುಡುಗಿ: ನಮಸ್ಕಾರ ಎಲ್ರಿಗೂ. ನಂಗೆ 24, ಬೆಂಗಳೂರಲ್ಲಿ ಕೆಲಸ, ವಾರಕ್ಕೆ ಮೂರು ದಿನ ಆಫೀಸು, ಒನ್ ಬಿಎಚ್‌ಕೆ ಬಾಡಿಗೆ ಮನೆ, ಒಬ್ಳೇ ಇರೋದು. ನಮ್ಮ ಟೀಮ್‌ನವರೊಬ್ರು ಕೆನಡಾಗೆ ಹೋಗ್ತಿದಾರೆ, ಅವರ ಆಫ್ರಿಕನ್ ಗ್ರೇ (6 ವರ್ಷ, ಹೆಸರು ಗುಂಡ) ಸುಮ್ನೆ ಕೊಡ್ತೀವಿ ಅಂತಿದಾರೆ. ಪಂಜರ ಮಾತ್ರ ತುಕ್ಕು ಹಿಡಿದಿದೆ, ಹೊಸದು ತಗೋಬೇಕು. ನೋಡೋಕೆ ಹೋದಾಗ ನನ್ನ ನೋಡಿ ಕುಕ್ಕರ್ ಸೀಟಿ ಹೊಡೀತು, ಅಲ್ಲೇ ಕರಗೋದೆ. ಅಮ್ಮ ಬೇಡ ಅಂತಿದಾರೆ. ಆಫೀಸಿಗೆ ಹೋದಾಗ ಒಂಬತ್ತು ಗಂಟೆ ಒಂಟಿ ಇರತ್ತಾ?

ನೈಟ್‌ಶಿಫ್ಟ್ ಶಿವು: ತಗೋಬೇಡಿ. ಇಷ್ಟೇ ಹೇಳಿ ಸುಮ್ನಾಗೋಣ ಅನ್ಕೊಂಡೆ, ಆಗ್ತಿಲ್ಲ. 2019ರಲ್ಲಿ ಮರಿ ತಂದೆ, 42 ಸಾವಿರ, ಎರಡು ಕಂತಲ್ಲಿ ಕೊಟ್ಟಿದ್ದು. ಮೊದಲ ತಿಂಗಳು ನಾಲ್ಕು ಗಂಟೆಗೊಂದ್ಸಲ ಸಿರಿಂಜಲ್ಲಿ ಗಂಜಿ, ಬಿಸಿ ಜಾಸ್ತಿ ಆದ್ರೆ ಗಂಟಲ ಚೀಲ ಸುಡತ್ತೆ, ತಣ್ಣಗಾದ್ರೆ ಒಳಗೇ ಹುಳಿ ಬರತ್ತೆ, ಥರ್ಮಾಮೀಟರ್ ಕೈಯಲ್ಲೇ. ಪಂಜರ 14,500. ಆಮೇಲೆ ನಂಗೆ ನೈಟ್ ಶಿಫ್ಟ್ ಬಿತ್ತು, ರಾತ್ರಿ ಮನೇಲಿರಲ್ಲ, ಹಗಲು ಹೆಣದ ಥರ ಮಲಗ್ತೀನಿ. ಅದು ಎದೆ ಮೇಲಿನ ಪುಕ್ಕ ಕಿತ್ಕೊಳ್ಳೋಕೆ ಶುರು ಮಾಡ್ತು. ಬೆಳಿಗ್ಗೆ ಬಂದ್ರೆ ಪಂಜರದ ಕೆಳಗೆ ರಾಶಿ ಬೂದಿ ಪುಕ್ಕ, ಮಧ್ಯೆ ಬಾಲದ್ದು ಕೆಂಪು ಒಂದು. ಡಾಕ್ಟ್ರಿಗೆ 900, ಎಕ್ಸ್‌ರೇ 1,400, ಬ್ಲಡ್ ಟೆಸ್ಟ್ 2,800, ಆಟೋ 620 (ಪಕ್ಷಿ ಇದೆ ಅಂತ ಮೀಟರ್ ಮೇಲೆ ನೂರು ಕಿತ್ಕೊಂಡ). ರಿಪೋರ್ಟ್ ಎಲ್ಲಾ ನಾರ್ಮಲ್! ರೋಗ ಏನಿಲ್ಲ, ಅದಕ್ಕೆ ಬೇಜಾರು ಅಂದ್ರು. ಬೇಜಾರು ಅಂತ ಗೊತ್ತಾಗೋಕೆ 5,720 ರೂಪಾಯಿ.

2022 ಮಾರ್ಚಲ್ಲಿ ಒಂದಿನ ಕರೆಂಟ್ ಹೋಗಿ, ಕೆಲಸದವರು ಸೆಕೆ ಅಂತ ಬಾಲ್ಕನಿ ಬಾಗಿಲು ತೆಗೆದ್ರು. ಎದುರಿನ ನೀಲಗಿರಿ ಮರದ ತುದೀಲಿ ಕೂತು ನನ್ನ ಫೋನಿನ ರಿಂಗ್‌ಟೋನ್ ಹೊಡೀತಿತ್ತು. ಎರಡು ದಿನ ಕೇಳಿಸ್ತು. ಮೂರನೇ ದಿನ ಬರೀ ಕಾಗೆ ಗಲಾಟೆ. ಹನ್ನೊಂದು ದಿನ ಹುಡುಕಿದೆ. ಪಂಜರ ಈಗ್ಲೂ ಅಟ್ಟದ ಮೇಲಿದೆ.

ಜಯನಗರ ಸುಮಕ್ಕ: ಶಿವು ಬೇಜಾರು ಮಾಡ್ಕೋಬೇಡಿ, ಆದ್ರೆ ಬಾಗಿಲಿಗೆ ಜಾಲರಿ ಹಾಕ್ಸದೆ ಪಕ್ಷಿ ತಂದಿದ್ದು ತಪ್ಪೇ. ರೆಕ್ಕೆ ಟ್ರಿಮ್ ಆದ್ರೂ ಮಾಡಿಸ್ಬೇಕಿತ್ತು. ನಂದು ಎರಡು ಕಾಕಟೀಲ್ (ಜುಟ್ಟಿರೋ ಸಣ್ಣ ಗಿಳಿ), 13 ವರ್ಷದಿಂದ ಇವೆ, ಒಂದು ಪುಕ್ಕ ಕಿತ್ತಿಲ್ಲ. ಹಾಗಂತ ನಾನೇನು ಹುಟ್ತಾನೇ ಕಲ್ತಿದ್ದಲ್ಲ. ಮುಂಚೆ ಬಡ್ಜಿ ಅನ್ನೋ ಪುಟ್ಟ ಗಿಳಿ ನಾಲ್ಕು ಇತ್ತು, ಒಂದು ಮಧ್ಯಾಹ್ನ ನಾನ್‌ಸ್ಟಿಕ್ ತವಾ ಒಲೆ ಮೇಲೆ ಖಾಲಿ ಇಟ್ಟು ಫೋನಲ್ಲಿ ನಾದಿನಿ ಜೊತೆ ಮಾತಾಡ್ತಿದ್ದೆ, ಅದು ಕಾದು ಹೊಗೆ ಬಂತು, ನಮಗೆ ವಾಸನೆ ಅಷ್ಟೇ, ಅವು ನಾಲ್ಕೂ ಅರ್ಧ ಗಂಟೇಲಿ ಹೋದ್ವು. ಆವತ್ತೇ ಎಲ್ಲಾ ನಾನ್‌ಸ್ಟಿಕ್ ಎತ್ತಿ ಹೊರಗೆ ಹಾಕಿ ಅಮ್ಮನ ಕಬ್ಬಿಣದ ಕಾವಲಿ ತಂದೆ. ಈಗ ಸೊಳ್ಳೆ ಬತ್ತಿ ಇಲ್ಲ, ಅಗರಬತ್ತಿ ಇಲ್ಲ, ನಮ್ಮನೆಯವ್ರು ದೇವರಿಗೆ ಬರೀ ಹೂವು ಇಡ್ತಾರೆ. ಪೆಲೆಟ್ (ಗಿಳಿಗೆ ಅಂತ ಮಾಡಿದ ಗುಳಿಗೆ ಥರದ ರೆಡಿಮೇಡ್ ಆಹಾರ) ಪ್ಯಾಕೆಟ್ 2,350, ಎರಡು ತಿಂಗಳು ಮುಟ್ಟಲೇ ಇಲ್ಲ, ಎಲ್ಲಾ ಅಳಿಲಿಗೆ. ಬೆಳಿಗ್ಗೆ ಮೊಳಕೆ ಹೆಸರುಕಾಳು, ಕ್ಯಾರೆಟ್ ತುರಿ, ನುಗ್ಗೆಸೊಪ್ಪು. ಬರೀ ಸೂರ್ಯಕಾಂತಿ ಬೀಜ ಹಾಕೋರನ್ನ ಕಂಡ್ರೆ ಮೈ ಉರಿಯತ್ತೆ, ಲಿವರ್ ಹೋಗತ್ತೆ ಅಂತ ಎಷ್ಟು ಸಲ ಹೇಳೋದು.

ನೈಟ್‌ಶಿಫ್ಟ್ ಶಿವು: ರೆಕ್ಕೆ ಕತ್ತರಿಸಿ ಸಾಕೋದಾದ್ರೆ ಕೋಳಿ ಸಾಕ್ತಿದ್ದೆ ಮೇಡಂ. ನಾಲ್ಕು ಸಾಯಿಸಿ ಕಲ್ತೋರು ನಂಗೆ ಜಾಲರಿ ಪಾಠ ಹೇಳ್ಬೇಡಿ.

ಜಯನಗರ ಸುಮಕ್ಕ: ಅದನ್ನ ನಾನೇ ಹೇಳಿದೀನಲ್ಲ, ನೀವು ಕಂಡುಹಿಡಿದಿದ್ದಾ?

ಹುಬ್ಳಿ ಮಂದಿ: ಅಲ್ರೀ, ಏನ್ ಪೆಲೆಟ್ಟು ಏನ್ ಎಕ್ಸ್‌ರೇ, ಗಿಣಿ ಸಾಕಾಕತ್ತೀರೋ ಅಳಿಯನ್ನೋ? ನಮ್ಮವ್ವ ಹಸಿರು ಗಿಣಿ 18 ವರ್ಷ ಸಾಕಿದ್ಲು. ಹಸಿಮೆಣಸಿನಕಾಯಿ, ಪೇರಲಹಣ್ಣು, ಜ್ವಾಳದ ರೊಟ್ಟಿ ಚೂರು, ಮುಗೀತು. ಮನಿಗೆ ಯಾರರ ಬಂದ್ರ "ಚಾ ಇಡವಾ" ಅಂತಿತ್ತು. ಅವ್ವ ತೀರಿಕೊಂಡ ಮ್ಯಾಲೂ ಅಡಿಗಿಮನಿ ಕಡೆ ಮಾರಿ ಮಾಡಿ ಅದನ್ನ ಅಂತಿತ್ತು, ನಮ್ಮಪ್ಪ ಎದ್ದು ಹೊರಗ ಹೋಗಿಬಿಡತಿದ್ರು. ಒಂದ್ ರೂಪಾಯಿ ಡಾಕ್ಟರಿಗೆ ಕೊಟ್ಟಿಲ್ಲ. ಪ್ರೀತಿ ಬೇಕ್ರಿ, ರೊಕ್ಕ ಅಲ್ಲ.

ಮಲ್ನಾಡ್ ಬೈನಾಕ್ಯುಲರ್: ಪ್ರೀತಿ ಅಂತೆ. ನಮ್ಮ ಹಸಿರು ಗಿಳಿ ಸಾಕೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಅಪ್ಪ ಅಮ್ಮ ಯಾರೇ ಸಾಕಿರ್ಲಿ. ಪೊಟರೆಯಿಂದ ಮರಿ ಕದ್ದು ಮಾರ್ತಾರೆ, ದಾರೀಲೇ ಎಷ್ಟೋ ಸಾಯ್ತವೆ. ನಾನೂ ಗಾಳಿ ಮಳೇಲಿ ಬಿದ್ದ ಮರಿ ಒಂದನ್ನ ಐದು ವಾರ ಸಾಕಿ ಪುನರ್ವಸತಿ ಕೇಂದ್ರಕ್ಕೆ ಕೊಟ್ಟು ಬಂದವನು, ಕೊಡುವಾಗ ನನ್ನ ಕಾಲರ್ ಬಿಡ್ಲಿಲ್ಲ, ಆದ್ರೂ ಕೊಟ್ಟೆ. ಗ್ರೇ ವಿದೇಶಿ ಹಕ್ಕಿ, ಇಟ್ಕೋಬಹುದು, ಆದ್ರೆ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ರಿಜಿಸ್ಟರ್ ಆಗಿರ್ಬೇಕು, ಕೈ ಬದಲಾದ್ರೂ ತಿಳಿಸ್ಬೇಕು. ಆ ಕೆನಡಾದವರು ಮಾಡಿಸಿದಾರಾ ಕೇಳಿ. ಕಾಡಲ್ಲಿ ಹಿಡಿದು ಹಿಡಿದು ಖಾಲಿ ಮಾಡಿದ್ದಕ್ಕೇ 2017ರಿಂದ ಸೈಟಿಸ್ (ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತಾರಾಷ್ಟ್ರೀಯ ಒಪ್ಪಂದ) ಮೊದಲನೇ ಪಟ್ಟೀಲಿದೆ ಅದು.

ಹುಬ್ಳಿ ಮಂದಿ: ನಮ್ಮವ್ವನ್ನ ಕಳ್ಳಿ ಅಂದ್ರೇನು ನೀವು? ನಮ್ಮ ಓಣ್ಯಾಗ ಮನಿಗೊಂದು ಗಿಣಿ ಇದ್ದುವು ಆವಾಗ. ಗಿಣಿಶಾಸ್ತ್ರದವನ್ನ ಹಿಡೀರಿ ಮೊದ್ಲ.

ಮಲ್ನಾಡ್ ಬೈನಾಕ್ಯುಲರ್: ಅವನನ್ನೂ ಹಿಡೀಬೇಕು. ನಿಮ್ಮ ತಾಯಿ ಬಗ್ಗೆ ನಾನೇನೂ ಅಂದಿಲ್ಲ, ಓದಿ ಸರಿಯಾಗಿ.

ಜಯನಗರ ಸುಮಕ್ಕ: ಮೆಣಸಿನಕಾಯಿ ಒಳ್ಳೇದೇ, ಎ ವಿಟಮಿನ್ ಇದೆ. ರೊಟ್ಟೀಲಿ ಉಪ್ಪು ಹಾಕ್ತಿದ್ರಾ?

ಹುಬ್ಳಿ ಮಂದಿ: ಜ್ವಾಳದ ರೊಟ್ಟಿಗೆ ಯಾರ್ರೀ ಉಪ್ಪ ಹಾಕ್ತಾರ! ಬೆಂಗಳೂರಿನವರು ನೀವ ಹಾಕಬೇಕು.

ಕೆಆರ್‌ಪುರಂ ಹುಡುಗಿ: ಎಲ್ರಿಗೂ ಥ್ಯಾಂಕ್ಸ್. ರಿಜಿಸ್ಟರ್ ಮಾಡಿಸಿದೀವಿ ಅಂದ್ರು, ಪೇಪರ್ ಕೇಳಿದೀನಿ. ಒಂಟಿ ಬಿಡೋದ್ರ ಬಗ್ಗೆ ಯಾರಾದ್ರೂ...

ಜಯನಗರ ಸುಮಕ್ಕ: ಗ್ರೇ 40–50 ವರ್ಷ ಬದುಕತ್ತೆ ಪುಟ್ಟಿ. ನಿನ್ನ ಮದುವೆ ಆಗತ್ತೆ, ಮಗು ಆಗತ್ತೆ, ಅದರ ಪುಕ್ಕದ ಪುಡಿಗೆ ಯಾರಿಗೋ ಉಬ್ಬಸ ಬರತ್ತೆ, ಆಗ ನೀನೂ ಇಂಥದ್ದೇ ಒಂದು ಪೋಸ್ಟ್ ಹಾಕ್ತೀಯ. ಕಾಕಟೀಲ್ ಜೋಡಿ ತಗೋ.

ನೈಟ್‌ಶಿಫ್ಟ್ ಶಿವು: ಒಂಬತ್ತು ಗಂಟೆ ಒಂಟಿ ಬಿಟ್ರೆ ಏನಾಗತ್ತೆ ಅಂತ ಮೇಲೇ ಬರೆದಿದೀನಿ. ಓದಿಲ್ವಾ?

ಕೆಆರ್‌ಪುರಂ ಹುಡುಗಿ: ಓದ್ದೆ ಅಣ್ಣ, ಎರಡು ಸಲ. ಶನಿವಾರ ಮತ್ತೆ ನೋಡೋಕೆ ಹೋಗ್ತಿದೀನಿ. ನೀವು ಬೈತೀರ ಅಂತ ಗೊತ್ತು, ಆದ್ರೂ ಕೇಳ್ತೀನಿ, ಆ ಅಟ್ಟದ ಮೇಲಿನ ಪಂಜರ ಕೊಡ್ತೀರಾ? ದುಡ್ಡು ಕೊಡ್ತೀನಿ.

ನೈಟ್‌ಶಿಫ್ಟ್ ಶಿವು: ಇಲ್ಲ. ಎರಡು ಸಲ ಓಎಲ್‌ಎಕ್ಸ್‌ಗೆ ಹಾಕಿ ತೆಗೆದಿದೀನಿ. ಸೈಜ್ ಬೇಕಾದ್ರೆ ಅಳೆದು ಕಳಿಸ್ತೀನಿ, ಅಂಥದ್ದೇ ತಗೊಳ್ಳಿ. ಬಾಗಿಲಿಗೆ ಚಿಲಕ ಬೇರೆ ಹಾಕ್ಸಿ, ಅದರ ಜೊತೆ ಬರೋದನ್ನ ಕೊಕ್ಕಲ್ಲೇ ತೆಗೀತವೆ.