ಡಾರ್ಕ್ ಕಾಮಿಡಿಗೆ ‘ಸೂತಕದ ನಗು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಡೆನ್ಮಾರ್ಕಿನ ‘ದ ಗ್ರೀನ್ ಬುಚರ್ಸ್’ ಸಿನಿಮಾವನ್ನು ಗೆಳೆಯರಿಗೆ ಪರಿಚಯಿಸಲು ನಾಲ್ಕು ಸಾಲು ಬರೆಯುತ್ತಿದ್ದೇನೆ. 2003ರದು, ನಿರ್ದೇಶನ ಆಂಡರ್ಸ್ ಥಾಮಸ್ ಯೆನ್ಸೆನ್. ಮೊದಲ ಸಾಲಿನಲ್ಲೇ ನಿಂತುಬಿಟ್ಟೆ. ಡಾರ್ಕ್ ಕಾಮಿಡಿಗೆ, ಅಂದರೆ ಸಾವು ನೋವಿನಂಥ ವಿಷಯದಲ್ಲೂ ನಗಿಸುವ ಹಾಸ್ಯಕ್ಕೆ, ಕನ್ನಡದಲ್ಲಿ ಏನನ್ನಬೇಕು?

ಕಥೆ ಹೀಗಿದೆ. ಸ್ವೆಂಡ್, ಬ್ಯಾರ್ನೆ ಎಂಬ ಇಬ್ಬರು ಸೇರಿ ಮಾಂಸದಂಗಡಿ ತೆರೆಯುತ್ತಾರೆ. ಒಬ್ಬ ಸದಾ ಬೆವರುವವನು, ಇನ್ನೊಬ್ಬನಿಗೆ ಯಾರ ಗೊಡವೆಯೂ ಬೇಡ. ಎತ್ತು ಏರಿಗೆ, ಕೋಣ ನೀರಿಗೆ. ಎಲೆಕ್ಟ್ರಿಷಿಯನ್ ಒಬ್ಬ ಫ್ರೀಜರ್ ಕೋಣೆಯಲ್ಲಿ ಸಿಕ್ಕಿಕೊಂಡು ಸಾಯುತ್ತಾನೆ. ಗಾಬರಿಯಲ್ಲಿ ಸ್ವೆಂಡ್ ಆ ಸತ್ತವನ ಮಾಂಸವನ್ನೇ ಮಾರುತ್ತಾನೆ. ಅಲ್ಲಿಂದ ಅಂಗಡಿ ಮುಂದೆ ಸಾಲೋ ಸಾಲು.

‘ಕರಾಳ ಹಾಸ್ಯ’ ಅಂತ ಬರೆಯುವವರಿದ್ದಾರೆ. ಆದರೆ ಕರಾಳ ಅಂದರೆ ಭಯಂಕರ. ಇಲ್ಲಿ ಭಯಕ್ಕಿಂತ ಮುಜುಗರ ಜಾಸ್ತಿ. ‘ವಿಡಂಬನೆ’ಗೆ ಒಂದು ಗುರಿ ಬೇಕು, ‘ಕುಹಕ’ದಲ್ಲಿ ಚುಚ್ಚುವ ಮನಸ್ಸಿರುತ್ತದೆ. ಈ ಸಿನಿಮಾದ ನಗುವಿಗೆ ಅವೆರಡೂ ಇಲ್ಲ.

‘ಕಪ್ಪು ಹಾಸ್ಯ’ ಬಣ್ಣವನ್ನಷ್ಟೇ ತಂದಿದೆ. 1930ರ ದಶಕದಲ್ಲಿ ಫ್ರೆಂಚ್ ಕವಿ ಆಂದ್ರೆ ಬ್ರೆತೋನ್ ‘ಹ್ಯೂಮರ್ ನ್ವಾರ್’ (ಕಪ್ಪು ಹಾಸ್ಯ) ಎಂಬ ಮಾತನ್ನು ಬಳಕೆಗೆ ತಂದರು. ಯುರೋಪಿನಲ್ಲಿ ಸಾವಿನ ಮನೆಯ ಉಡುಪೇ ಕಪ್ಪು. ಹಾಗಾಗಿ ಅವರಿಗೆ ಆ ಮಾತು ಕೂಡಲೇ ನಾಟುತ್ತದೆ. ನಮಗೆ ಕಪ್ಪು ಅಂದರೆ ಕಪ್ಪು ಹಣ, ಕಪ್ಪು ಪಟ್ಟಿ, ಕಾಳಸಂತೆ. ಸಾವು ನೆನಪಾಗುವುದಿಲ್ಲ, ಅಲ್ವಾ?

ಹಾಗಾದರೆ ಬಣ್ಣ ಬಿಟ್ಟು ಸಾವನ್ನೇ ಹಿಡಿದರೆ? ‘ಸೂತಕದ ನಗು’. ನಗಬಾರದ ದಿನಗಳಲ್ಲಿ, ನಗಬಾರದ ಕಡೆ ಉಕ್ಕಿಬರುವ ನಗು. ರಾಮ್ ರೆಡ್ಡಿಯವರ ‘ತಿಥಿ’ ಸಿನಿಮಾದಲ್ಲಿ 101 ವರ್ಷಕ್ಕೆ ತೀರಿಕೊಂಡ ಸೆಂಚುರಿ ಗೌಡರ ಹನ್ನೊಂದನೇ ದಿನದ ಓಡಾಟ ನೋಡಿ ನಕ್ಕೆವಲ್ಲ, ಅದೇ ನಗು. ನನಗೆ ಇದು ತುಂಬ ಹಿಡಿಸಿದೆ. ಒಂದೇ ಅನುಮಾನ. ಸಾವಿಲ್ಲದ, ಬರೀ ಕಾಯಿಲೆಯದೋ ಬಡತನದ್ದೋ ಕಥೆಗೆ ಈ ಹೆಸರು ಒಗ್ಗೀತೇ?

ಇನ್ನೊಂದು ಮಾತು. ಸ್ವೆಂಡ್, ಬ್ಯಾರ್ನೆ ಇಬ್ಬರೂ ‘ಪ್ರೀತಿ ಹುಡುಕುವವರು’ ಅಂತ ಮೊದಲು ಬರೆದಿದ್ದೆ, ಹೊಡೆದುಹಾಕಿದೆ. ಬ್ಯಾರ್ನೆಗೆ ಆಸ್ಟ್ರಿಡ್ ಎಂಬ ಹುಡುಗಿಯ ಮೇಲೆ ಹುಟ್ಟುವುದು ಪ್ರೀತಿ, ಸರಿ. ಸ್ವೆಂಡ್‌ನದು ಬೇರೆ. ಅವನಿಗೆ ಜೀವನದಲ್ಲಿ ಮೊದಲ ಸಲ ನಾಲ್ಕು ಜನಕ್ಕೆ ‘ಬೇಕಾದವನು’ ಆಗಬೇಕು, ಅಷ್ಟೇ. ಅಂಗಡಿ ಮುಂದಿನ ಆ ಸಾಲು ಕರಗಬಾರದು ಅಂತಲೇ ಅವನು ಮುಂದಿನ ತಪ್ಪುಗಳನ್ನೆಲ್ಲ ಮಾಡುವುದು. ‘ಬೇಕಾದವರು’ ಎಂಬ ಪದದಲ್ಲಿರುವ ಈ ಹಸಿವು ‘ಪ್ರೀತಿ’ಯಲ್ಲೂ ಇಲ್ಲ, ‘ಒಲವಿ’ನಲ್ಲೂ ಇಲ್ಲ ಅನಿಸಿತು.

ನಿಮ್ಮ ಊರ ಕಡೆ ಸಾವಿನ ಮನೆಯಲ್ಲಿ ತಡೆಯಲಾಗದೆ ಬರುವ ನಗುವಿಗೆ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ.